ಹತ್ತು ಸಾವಿರ ಪ್ರತಿಗಳ ಅಪರೂಪ

ಬೀದಿ ಛಾಯಾಗ್ರಹಣವೆಂದರೆ ಸಾರ್ವಜನಿಕ ಸ್ಥಳಗಳಲ್ಲಿ ನಡೆಯುವ, ನಿಲ್ಲುವ, ಕಾಯುವ ಜನರನ್ನು, ಅವರು ಕ್ಯಾಮೆರಾದ ಕಡೆಗೆ ತಿರುಗಿ ಮುಖವನ್ನು ಸಜ್ಜುಗೊಳಿಸಿಕೊಳ್ಳುವ ಮೊದಲೇ, ಇದ್ದ ಸ್ಥಿತಿಯಲ್ಲಿ ಸೆರೆಹಿಡಿಯುವ ಪದ್ಧತಿ. ಈ ಪದ್ಧತಿಯ ಅತ್ಯಂತ ಪ್ರಸಿದ್ಧ ಗ್ರಂಥವು 1952ರಲ್ಲಿ ಪ್ಯಾರಿಸ್ಸಿನಲ್ಲಿ ಅಚ್ಚಾಯಿತು. ಅದರಲ್ಲಿರುವುದು ಹೆನ್ರಿ ಕಾರ್ಟಿಯರ್ ಬ್ರೆಸನ್ ಅವರ 126 ಛಾಯಾಚಿತ್ರಗಳು. ತೇರಿಯಾದ್ ಎಂಬ ಪ್ರಕಾಶಕರು ತಮ್ಮ ವೆರ್ವ್ ಪ್ರಕಾಶನದಿಂದ ಹೊರತಂದ ಫ್ರೆಂಚ್ ಆವೃತ್ತಿಗೆ ‘ಇಮಾಜ್ ಆ ಲಾ ಸೊವೆತ್’ ಎಂಬ ಹೆಸರಿದ್ದರೆ, ನ್ಯೂಯಾರ್ಕಿನ ಸೈಮನ್ ಅಂಡ್ ಶುಸ್ಟರ್ ಸಂಸ್ಥೆಯ ಇಂಗ್ಲಿಷ್ ಆವೃತ್ತಿಗೆ ‘ದಿ ಡಿಸಿಸಿವ್ ಮೊಮೆಂಟ್’ ಎಂಬ ಹೆಸರಾಯಿತು. ಇದರ ಮೊದಲ ಮುದ್ರಣದ ಪ್ರತಿಗಾಗಿ ಜಗತ್ತಿನ ಗ್ರಂಥಸಂಗ್ರಾಹಕರು ಇಂದಿಗೂ ಹರಾಜುಗಳ ಪಟ್ಟಿಗಳನ್ನು ಶೋಧಿಸುತ್ತಾರೆ. ಮುಂದಿನ ಸಂವಾದವು ಇಂಥ ಪುಸ್ತಕಗಳನ್ನು ಕೂಡಿಡುವ ಹಿರಿಯರೊಬ್ಬರಿಗೂ ಛಾಯಾಗ್ರಹಣದ ಇತಿಹಾಸವನ್ನು ಓದುತ್ತಿರುವ ಕಿರಿಯರೊಬ್ಬರಿಗೂ ನಡುವಿನದು.

ಅಭ್ಯಾಸಿ: ಅಪರೂಪದ ವಸ್ತುವೆಂದರೆ ಎಣಿಕೆಯಲ್ಲಿ ಕಡಿಮೆ ಇರುವ ವಸ್ತು ಎಂಬುದು ಸಾಮಾನ್ಯ ತಿಳಿವಳಿಕೆ. ಈ ಪುಸ್ತಕವಾದರೋ ಮೊದಲ ಸಲವೇ ಹತ್ತು ಸಾವಿರ ಪ್ರತಿಗಳಲ್ಲಿ ಅಚ್ಚಾಗಿದೆ. ಫ್ರೆಂಚಿನಲ್ಲಿ 3,000, ಇಂಗ್ಲಿಷಿನಲ್ಲಿ 7,000. ಸಾವಿರ ಪ್ರತಿ ಅಚ್ಚುಹಾಕಿಸಿ ಅವು ಖರ್ಚಾಗುವುದನ್ನು ವರ್ಷಗಟ್ಟಲೆ ಕಾಯುವ ಕನ್ನಡ ಪ್ರಕಾಶಕರ ಕಣ್ಣಿಗೆ ಇದು ಜನಪ್ರಿಯ ಕಾದಂಬರಿಯ ಲೆಕ್ಕ. ಇಷ್ಟು ಪ್ರತಿಗಳಿದ್ದ ಪುಸ್ತಕವನ್ನು ಅಪರೂಪವೆಂದು ಕರೆಯುವುದು ವ್ಯಾಪಾರಿಗಳ ಉತ್ಪ್ರೇಕ್ಷೆಯಲ್ಲವೇ?

ಸಂಗ್ರಾಹಕರು: ಅಚ್ಚಾದದ್ದು ಎಷ್ಟು ಎಂಬುದಕ್ಕಿಂತ ಅಚ್ಚಾದ ಸ್ಥಿತಿಯಲ್ಲಿ ಉಳಿದದ್ದು ಎಷ್ಟು ಎಂಬುದು ಇಲ್ಲಿ ಮುಖ್ಯವಾದ ಪ್ರಶ್ನೆ. ಪುಸ್ತಕದ ಎತ್ತರ ಸುಮಾರು 37 ಸೆಂಟಿಮೀಟರ್, ಅಗಲ ಸುಮಾರು 27 ಸೆಂಟಿಮೀಟರ್. ಕಪಾಟಿನಲ್ಲಿ ನೆಟ್ಟಗೆ ನಿಲ್ಲಿಸಿದರೆ ಒಳಹಾಳೆಗಳ ಭಾರಕ್ಕೆ ಬೆನ್ನಿನ ಹೊಲಿಗೆ ಸಡಿಲವಾಗುತ್ತದೆ, ಮಲಗಿಸಿದರೆ ಮೇಲೆ ಇನ್ನೊಂದು ಪುಸ್ತಕ ಬಂದು ಕೂರುತ್ತದೆ. ರಟ್ಟಿನ ಮೇಲೆ ಹೆನ್ರಿ ಮಾತೀಸ್ ಬಣ್ಣದ ಕಾಗದವನ್ನು ಕತ್ತರಿಸಿ ರಚಿಸಿದ ವಿನ್ಯಾಸವಿದ್ದು, ಅದರ ಬಿಳಿ ಭಾಗ ಕೈ ಸೋಕಿದಷ್ಟೂ ಮಾಸುತ್ತದೆ. ಗ್ರಂಥಾಲಯಗಳು ಮೊಹರು ಒತ್ತಿ, ಚೀಟಿ ಅಂಟಿಸಿ, ಹೊರಹೊದಿಕೆಯನ್ನು ಕಸದ ಬುಟ್ಟಿಗೆ ಹಾಕಿದವು. ಇಂಗ್ಲಿಷ್ ಆವೃತ್ತಿಯೊಂದಿಗೆ ಚಿತ್ರಗಳ ಅಡಿಬರಹಗಳನ್ನು ಬೇರೆಯೇ ಒಂದು ತೆಳು ಪುಸ್ತಿಕೆಯಾಗಿ ಅಚ್ಚುಮಾಡಿ ಒಳಗೆ ಸೇರಿಸಿದ್ದರು. ಅಂಟಿಸದೆ ಇಟ್ಟ ಕಾಗದಕ್ಕೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. ಇದರ ಜೊತೆಗೆ, 1952ರ ಬಳಿಕ ಈ ಗ್ರಂಥ ಮೂಲರೂಪದಲ್ಲಿ ಮತ್ತೆ ಅಚ್ಚಾದದ್ದು 2014ರಲ್ಲಿ, ಜರ್ಮನಿಯ ಶ್ಟೈಡಲ್ ಪ್ರಕಾಶನದಿಂದ. ನಡುವಿನ 62 ವರ್ಷಗಳಲ್ಲಿ ಛಾಯಾಗ್ರಹಣ ಕಲಿತ ತಲೆಮಾರುಗಳು ಈ ಪುಸ್ತಕದ ಹೆಸರನ್ನು ಕೇಳಿದರೇ ಹೊರತು ಪುಸ್ತಕವನ್ನು ಕಂಡವರು ವಿರಳ.

ಅಭ್ಯಾಸಿ: ಹಾಗಾದರೆ ಬೆಲೆ ಕಟ್ಟುತ್ತಿರುವುದು ಹೊರಹೊದಿಕೆಗೆ ಮತ್ತು ಕಳೆದುಹೋಗಬಹುದಾಗಿದ್ದ ಪುಸ್ತಿಕೆಗೆ, ಛಾಯಾಚಿತ್ರಗಳಿಗಲ್ಲ.

ಸಂಗ್ರಾಹಕರು: ಪೇಟೆಯ ಮಟ್ಟಿಗೆ ನಿಮ್ಮ ಮಾತನ್ನು ಅಲ್ಲಗಳೆಯುವಂತಿಲ್ಲ. ಇಪ್ಪತ್ತನೆಯ ಶತಮಾನದ ಪುಸ್ತಕಗಳ ಮೊದಲ ಮುದ್ರಣಗಳಲ್ಲಿ ಹೊರಹೊದಿಕೆ ಇದ್ದ ಪ್ರತಿಗೂ ಇಲ್ಲದ ಪ್ರತಿಗೂ ಬೆಲೆಯಲ್ಲಿ ಹಲವು ಪಟ್ಟು ಅಂತರ ಬೀಳುವುದುಂಟು. ಅದಕ್ಕಿಂತ ವಿಚಿತ್ರವಾದ ಸಂಗತಿಯೊಂದಿದೆ. ಛಾಯಾಗ್ರಂಥ, ಅಂದರೆ ಚಿತ್ರಗಳ ಆಯ್ಕೆ, ಅನುಕ್ರಮ, ಮುದ್ರಣ ಮೂರೂ ಕೂಡಿ ಒಂದೇ ಕೃತಿಯಾಗುವ ಪುಸ್ತಕ, ಸಂಗ್ರಹಯೋಗ್ಯವಾದ ಬೇರೆಯೇ ಜಾತಿಯೆಂದು ಪೇಟೆ ಒಪ್ಪಿಕೊಂಡದ್ದು ತೀರ ಈಚೆಗೆ. 2001ರಲ್ಲಿ ಆಂಡ್ರ್ಯೂ ರಾತ್ ಅವರು ನೂರೊಂದು ಪುಸ್ತಕಗಳ ಪಟ್ಟಿಯನ್ನೇ ಒಂದು ಗ್ರಂಥವಾಗಿ ಪ್ರಕಟಿಸಿದರು. 2004ರಲ್ಲಿ ಮಾರ್ಟಿನ್ ಪಾರ್ ಮತ್ತು ಗೆರಿ ಬ್ಯಾಡ್ಜರ್ ಛಾಯಾಗ್ರಂಥಗಳ ಇತಿಹಾಸದ ಮೊದಲ ಸಂಪುಟವನ್ನು ತಂದರು. ಆ ಪಟ್ಟಿಗಳಲ್ಲಿ ಕಾಣಿಸಿಕೊಂಡ ಪುಸ್ತಕಗಳ ಬೆಲೆ ಏರಿತು. ಹಳೆಯ ಪುಸ್ತಕದ ವ್ಯಾಪಾರಿಗಳು ತಮ್ಮ ಪ್ರಕಟಣೆಗಳಲ್ಲಿ ಇಂಥ ಸಂಪುಟದ ಇಂಥ ಪುಟವೆಂದು ನಮೂದಿಸತೊಡಗಿದರು. ವಿದ್ವಾಂಸರು ಬರೆದ ಇತಿಹಾಸವೇ ದರಪಟ್ಟಿಯಾಗಿ ಕೆಲಸಮಾಡಿದ ಉದಾಹರಣೆ ಇದು.

ಅಭ್ಯಾಸಿ: ತಾವು ಇಷ್ಟನ್ನು ಒಪ್ಪಿದ ಮೇಲೆ ಸಂಗ್ರಹಿಸುವುದಕ್ಕೆ ಉಳಿಯುವ ಸಮರ್ಥನೆ ಯಾವುದು?

ಸಂಗ್ರಾಹಕರು: ಶಾಯಿ.

ಅಭ್ಯಾಸಿ: ತಾವು ಇದನ್ನು ವಿವರಿಸಬೇಕು.

ಸಂಗ್ರಾಹಕರು: ಈ ಪುಸ್ತಕವನ್ನು ಅಚ್ಚುಹಾಕಿದವರು ಪ್ಯಾರಿಸ್ಸಿನ ದ್ರೇಗರ್ ಸೋದರರು, ಬಳಸಿದ ವಿಧಾನದ ಹೆಸರು ಹೆಲಿಯೋಗ್ರಾವ್ಯೂರ್. ಈ ವಿಧಾನದಲ್ಲಿ ಚಿತ್ರವನ್ನು ತಾಮ್ರದ ಮೇಲ್ಮೈಯಲ್ಲಿ ರಾಸಾಯನಿಕ ದ್ರಾವಣದಿಂದ ಕೊರೆದು ಕಣ್ಣಿಗೆ ಕಾಣದಷ್ಟು ಸಣ್ಣ ಕುಳಿಗಳನ್ನು ಉಂಟುಮಾಡುತ್ತಾರೆ. ಚಿತ್ರ ಕಪ್ಪಾಗಿರಬೇಕಾದಲ್ಲಿ ಕುಳಿಯ ಆಳ ಹೆಚ್ಚು, ಬೆಳಕಿರಬೇಕಾದಲ್ಲಿ ಕಡಿಮೆ. ಶಾಯಿ ಸುರಿದು, ಮೇಲ್ಮೈಯನ್ನು ಒರೆಸಿ ತೆಗೆದ ಮೇಲೆ, ಕುಳಿಗಳಲ್ಲಿ ಉಳಿದ ಶಾಯಿಯನ್ನು ಒತ್ತಡದಲ್ಲಿ ಕಾಗದ ಹೀರಿಕೊಳ್ಳುತ್ತದೆ. ಆದ್ದರಿಂದ ಕಪ್ಪಿನ ಭಾಗದಲ್ಲಿ ನಿಜವಾಗಿಯೂ ಹೆಚ್ಚು ಶಾಯಿ ಕೂತಿರುತ್ತದೆ. ಇಂದು ರೂಢಿಯಲ್ಲಿರುವ ಆಫ್‌ಸೆಟ್ ಮುದ್ರಣದಲ್ಲಾದರೋ ಶಾಯಿಯ ದಪ್ಪ ಎಲ್ಲೆಡೆಯೂ ಹೆಚ್ಚುಕಡಿಮೆ ಒಂದೇ. ಚುಕ್ಕಿಗಳ ಗಾತ್ರವನ್ನು ಹಿಗ್ಗಿಸಿ ಕುಗ್ಗಿಸಿ ಬೂದು ಬಣ್ಣದ ಭ್ರಮೆಯನ್ನು ಉಂಟುಮಾಡಲಾಗುತ್ತದೆ. 1952ರ ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಕಪ್ಪು ಮಿನುಗುವುದಿಲ್ಲ, ಮಖಮಲ್ಲಿನಂತೆ ಬೆಳಕನ್ನು ನುಂಗುತ್ತದೆ. ಇದನ್ನು ಪರದೆಯ ಮೇಲೆ ತೋರಿಸುವ ಉಪಾಯವಿಲ್ಲ.

ಅಭ್ಯಾಸಿ: ಆದರೂ ಅದು ನಕಲೇ. ಛಾಯಾಚಿತ್ರದ ಮೂಲವೆಂದರೆ ನೆಗೆಟಿವ್‌ನಿಂದ ಕತ್ತಲೆಕೋಣೆಯಲ್ಲಿ ತೆಗೆದ ಪ್ರಿಂಟ್ ಎಂಬುದು ವಸ್ತುಸಂಗ್ರಹಾಲಯಗಳ ನಿಲುವು, ಹರಾಜುಮನೆಗಳ ನಿಲುವೂ ಅದೇ. ಪ್ಯಾರಿಸ್ಸಿನ ಸೇಂಟ್ ಲಜಾರ್ ರೈಲುನಿಲ್ದಾಣದ ಹಿಂದೆ ನೀರು ನಿಂತ ನೆಲದ ಮೇಲೆ ಜಿಗಿಯುತ್ತಿರುವ ಮನುಷ್ಯನ 1932ರ ಚಿತ್ರದ ಒಂದು ಪ್ರಿಂಟ್ 2011ರ ನವೆಂಬರಿನಲ್ಲಿ ಪ್ಯಾರಿಸ್ಸಿನ ಕ್ರಿಸ್ಟೀಸ್ ಹರಾಜಿನಲ್ಲಿ 4,33,000 ಯೂರೋಗಳಿಗೆ ಮಾರಾಟವಾಯಿತು. ಅದೇ ಚಿತ್ರ ಈ ಪುಸ್ತಕದಲ್ಲಿಯೂ ಇದೆ. ಇಡೀ ಪುಸ್ತಕದ ಬೆಲೆ ಆ ಮೊತ್ತದ ಒಂದು ಸಣ್ಣ ಪಾಲು ಮಾತ್ರ.

ಸಂಗ್ರಾಹಕರು: ಆ ನಿಲುವು ಚಿತ್ರಕಲೆಯಿಂದ ಎರವಲು ತಂದದ್ದು, ಬ್ರೆಸನ್ ಅವರ ವಿಷಯದಲ್ಲಿ ಅದು ಅಷ್ಟಾಗಿ ಹೊಂದುವುದಿಲ್ಲ. ಕತ್ತಲೆಕೋಣೆಯ ಕೆಲಸದಲ್ಲಿ ಅವರಿಗೆ ಆಸಕ್ತಿಯಿರಲಿಲ್ಲ; ಅವರ ಪ್ರಿಂಟುಗಳನ್ನು ಮಾಡುತ್ತಿದ್ದವರು ಪಿಯರ್ ಗಾಸ್ಮನ್ ಅವರ ಪ್ರಯೋಗಾಲಯದಂಥ ಕಡೆಗಳ ಕುಶಲಕರ್ಮಿಗಳು. ಹೀಗಿರುವಾಗ ಒಬ್ಬ ಕುಶಲಕರ್ಮಿ ಬೆಳ್ಳಿಯ ಲವಣದಲ್ಲಿ ಮಾಡಿದ ಪ್ರತಿ ಮೂಲವಾಗಿ, ಇನ್ನೊಬ್ಬ ಕುಶಲಕರ್ಮಿ ಶಾಯಿಯಲ್ಲಿ ಮಾಡಿದ ಪ್ರತಿ ನಕಲಾಗುವುದು ಹೇಗೆ? ಎರಡನೆಯದರಲ್ಲಿ ಪಕ್ಕದ ಪುಟದಲ್ಲಿ ಯಾವ ಚಿತ್ರವಿರಬೇಕೆಂಬ ನಿರ್ಧಾರವೂ ಸೇರಿಕೊಂಡಿದೆ. ಪ್ರಿಂಟಿಗೆ ಪಕ್ಕದ ಪುಟವೇ ಇಲ್ಲ.

ಪುಟದ ಅಳತೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬ್ರೆಸನ್ 1932ರಿಂದ ಬಳಸಿದ ಲೈಕಾ ಕ್ಯಾಮೆರಾದ ಚೌಕಟ್ಟು 24 ಮಿಲಿಮೀಟರ್‌ಗೆ 36 ಮಿಲಿಮೀಟರ್, ಅಂದರೆ ಎರಡಕ್ಕೆ ಮೂರರ ಪ್ರಮಾಣ. ಈ ಪುಸ್ತಕದ ಒಂದು ಪುಟದಲ್ಲಿ ನಿಲುವಾದ ಚಿತ್ರವೊಂದು ಪೂರ್ಣವಾಗಿ ಹಿಡಿಯುತ್ತದೆ. ಅಡ್ಡ ಚಿತ್ರಗಳಾದರೆ ಪುಟದ ಪೂರ್ತಿ ಅಗಲಕ್ಕೆ ಒಂದರ ಕೆಳಗೊಂದರಂತೆ ಎರಡು ಸರಿಯಾಗಿ ಕೂರುತ್ತವೆ. ಹಾಗಾಗಿ ಯಾವ ಚಿತ್ರದ ಅಂಚನ್ನೂ ಪುಟಕ್ಕಾಗಿ ಕತ್ತರಿಸುವ ಅಗತ್ಯ ಬೀಳುವುದಿಲ್ಲ. ಕ್ಯಾಮೆರಾದ ಕಿಂಡಿಯಲ್ಲಿ ಕಂಡದ್ದನ್ನು ಆಮೇಲೆ ಕತ್ತರಿಸಿ ತಿದ್ದಬಾರದೆಂಬ ಹಟ ಅವರದು. ತಾವೀಗ ಹೇಳಿದ ರೈಲುನಿಲ್ದಾಣದ ಚಿತ್ರ, ಬೇಲಿಯ ಹಲಗೆಗಳ ಸಂದಿನಿಂದ ತೆಗೆದುದರಿಂದ ಒಂದು ಪಕ್ಕ ಕತ್ತರಿಸಬೇಕಾಗಿ ಬಂದ ಅಪವಾದ. ಪ್ರಪಂಚದಲ್ಲೆಲ್ಲ ಅವರ ಪದ್ಧತಿಗೆ ಮಾದರಿಯೆಂದು ತೋರಿಸುವುದು ಈ ಅಪವಾದವನ್ನೇ ಎಂಬುದು ತಮಾಷೆಯ ಸಂಗತಿ.

ಅಭ್ಯಾಸಿ: ವಾರಪತ್ರಿಕೆಗಳಿಗೆ ಚಿತ್ರ ಒದಗಿಸುತ್ತಿದ್ದವರ ಕೆಲಸವನ್ನು ಇಷ್ಟು ವೈಭವದಿಂದ ಅಚ್ಚುಹಾಕುವ ಯೋಚನೆ ಆ ಕಾಲಕ್ಕೆ ಸಹಜವಾಗಿತ್ತೇ?

ಸಂಗ್ರಾಹಕರು: ಸಹಜವಾಗಿರಲಿಲ್ಲ. ತೇರಿಯಾದ್ ಅವರು 1947ರಲ್ಲಿ ಮಾತೀಸ್ ಅವರ ‘ಜಾಝ್’ ಎಂಬ ವರ್ಣಚಿತ್ರಗ್ರಂಥವನ್ನು ಪ್ರಕಟಿಸಿದ್ದವರು. ಅವರ ಗ್ರಾಹಕರು ಕಲಾಗ್ರಂಥಗಳನ್ನು ಕೊಳ್ಳುವ ವರ್ಗದವರು. ಅದೇ 1947ರಲ್ಲಿ ಬ್ರೆಸನ್, ರಾಬರ್ಟ್ ಕಾಪಾ ಮೊದಲಾದವರೊಡನೆ ಸೇರಿ ಮ್ಯಾಗ್ನಮ್ ಎಂಬ ಛಾಯಾಗ್ರಾಹಕರ ಸಹಕಾರಿ ಸಂಸ್ಥೆಯನ್ನು ಸ್ಥಾಪಿಸಿದ್ದರು; ಅದರ ಆದಾಯ ಬರುತ್ತಿದ್ದದ್ದು ಪತ್ರಿಕೆಗಳಿಂದ. ಒಂದು ವಾರ ಬಾಳಿ ರದ್ದಿಗೆ ಹೋಗುವ ಕಾಗದದ ಮೇಲಿದ್ದ ಚಿತ್ರಗಳು ಮಾತೀಸ್ ರಟ್ಟಿನೊಳಗೆ ಬಂದುದೇ ಈ ಪುಸ್ತಕದ ವಿಶೇಷ ಘಟನೆ. ಸಂಗ್ರಾಹಕರು ಐವತ್ತು ವರ್ಷಗಳ ಬಳಿಕ ಇದನ್ನು ಬೆಲೆಬಾಳುವ ವಸ್ತುವನ್ನಾಗಿ ಮಾಡಿದರೆಂಬುದು ಅರ್ಧ ಮಾತು. ಅದನ್ನು ಹಾಗೆ ಹುಟ್ಟಿಸಿದವರು ಪ್ರಕಾಶಕರೇ. ನಮ್ಮ ಕಡೆಯ ಉದಾಹರಣೆಯನ್ನೇ ನೋಡಿ. ಮೈಸೂರಿನ ಟಿ. ಎಸ್. ಸತ್ಯನ್ (1923–2009) ಅವರು ಅದೇ ದಶಕಗಳಿಂದ ಸಾಧಾರಣ ಜನರ ದಿನನಿತ್ಯದ ಬದುಕನ್ನು ಚಿತ್ರಿಸಿದವರು; 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಮಕ್ಕಳ ಚಿತ್ರಗಳ ಪ್ರದರ್ಶನ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ನಡೆಯಿತು. ಅವರ ಚಿತ್ರಗಳು ಬಹುಮಟ್ಟಿಗೆ ಮೊದಲು ಬೆಳಕು ಕಂಡದ್ದು ಪತ್ರಿಕೆಗಳ ಪುಟಗಳಲ್ಲಿ. ಅವರಿಗೊಬ್ಬ ತೇರಿಯಾದ್ ಸಿಕ್ಕಿದ್ದರೆ ಹರಾಜಿನ ಪಟ್ಟಿಗಳು ಬೇರೆ ಥರ ಇರುತ್ತಿದ್ದವೇನೋ.

ಅಭ್ಯಾಸಿ: ಅನುಕ್ರಮದ ಬಗ್ಗೆ ತಾವು ಒತ್ತಿ ಹೇಳಿದಿರಿ. ಬ್ರೆಸನ್ ಎಂದೊಡನೆ ನೆನಪಿಗೆ ಬರುವುದು ಒಂಟಿ ಚಿತ್ರಗಳು: ಜಿಗಿಯುವ ಮನುಷ್ಯ, ಮೆಟ್ಟಿಲುಗಳ ಕೆಳಗೆ ಹಾದುಹೋಗುವ ಸೈಕಲ್ಲು. ರೇಖೆ, ಬೆಳಕು, ಚಲನೆ ಒಂದೇ ಗಳಿಗೆಯಲ್ಲಿ ಕೂಡಿಬರುವ ಆ ನಿರ್ಣಾಯಕ ಕ್ಷಣದ ಸಿದ್ಧಾಂತವನ್ನೇ ಅಲ್ಲವೇ ಪುಸ್ತಕದ ಹೆಸರು ಸಾರುತ್ತಿರುವುದು?

ಸಂಗ್ರಾಹಕರು: ಸಾರುತ್ತಿರುವುದು ಇಂಗ್ಲಿಷ್ ಹೆಸರು. ಫ್ರೆಂಚ್ ಹೆಸರಿಗೆ ಅಂಥ ಗಾಂಭೀರ್ಯವಿಲ್ಲ. ಪರವಾನಗಿಯಿಲ್ಲದೆ ಬೀದಿಯಲ್ಲಿ ಸರಕು ಹರಡಿ, ಪೊಲೀಸರು ಕಂಡರೆ ಗಂಟುಕಟ್ಟಿ ಓಡುವವರ ಅವಸರ ಅದರಲ್ಲಿದೆ. ಅಮೆರಿಕದಲ್ಲಿ ಇಟ್ಟ ಹೆಸರು ಘೋಷವಾಕ್ಯವಾಗಿ ಬೆಳೆದು ಪುಸ್ತಕವನ್ನು ಮುಚ್ಚಿಹಾಕಿತು. ಪುಸ್ತಕ ಸಿಗದಿದ್ದ ಕಾಲದಲ್ಲಿ ಓದುಗರಿಗೆ ಹೆಸರೊಂದೇ ಸಿಕ್ಕಿತು. ಪುಸ್ತಕವನ್ನು ತೆರೆದವರಿಗೆ ಕಾಣುವುದು ಬೇರೆ. ಬ್ರೆಸನ್ ಬರೆದ ಮುನ್ನುಡಿಯಲ್ಲಿ ಚಿತ್ರಕಥನಕ್ಕೆ, ಅಂದರೆ ಒಂದೇ ಘಟನೆಯನ್ನು ಹಲವು ಚಿತ್ರಗಳಲ್ಲಿ ಸುತ್ತಿ ಬಂದು ನಿರೂಪಿಸುವ ಪತ್ರಿಕಾರೂಪಕ್ಕೆ, ಮೊದಲ ಸ್ಥಾನವಿದೆ. ಚಿತ್ರಗಳೂ ಎರಡು ಭಾಗಗಳಾಗಿವೆ. ಮೊದಲ ಭಾಗ 1932ರಿಂದ 1947ರವರೆಗಿನದು, ಬಹುಮಟ್ಟಿಗೆ ಪಶ್ಚಿಮದೇಶಗಳದು. ತಾವು ಹೆಸರಿಸಿದ ಒಂಟಿ ಚಿತ್ರಗಳು ಆ ಭಾಗದವು. ಎರಡನೆಯ ಭಾಗ 1947ರಿಂದ 1952ರವರೆಗಿನದು, ಹೆಚ್ಚಾಗಿ ಏಷ್ಯಾದ್ದು. ಅಲ್ಲಿ ಒಂಟಿ ಗಳಿಗೆಯ ಬಿಗುವು ಸಡಿಲಗೊಂಡು ಜನಸಮುದಾಯ ತುಂಬಿಕೊಳ್ಳುತ್ತದೆ.

ಗಾಂಧೀಜಿಯವರ ಅಂತ್ಯಯಾತ್ರೆಯ ಚಿತ್ರಗಳು ಇರುವುದು ಅಲ್ಲಿಯೇ. 1948ರ ಜನವರಿ 30ರಂದು ಬ್ರೆಸನ್ ದೆಹಲಿಯ ಬಿರ್ಲಾ ಭವನದಲ್ಲಿ ಗಾಂಧೀಜಿಯವರನ್ನು ಕಂಡು ಹೊರಬಂದಿದ್ದರು. ಅದಾದ ಸ್ವಲ್ಪ ಹೊತ್ತಿಗೆ ಹತ್ಯೆ ನಡೆಯಿತು. ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು: ಗುಂಡು ಹಾರಿದ ಗಳಿಗೆ ಅವರ ಕ್ಯಾಮೆರಾಕ್ಕೆ ಸಿಗಲಿಲ್ಲ. ಸಿಕ್ಕಿದ್ದು ಆಮೇಲಿನದು, ಭವನದ ಹೊರಬಾಗಿಲ ಬಳಿ ದೀಪದ ಬೆಳಕಿನಲ್ಲಿ ಜನರಿಗೆ ಸುದ್ದಿ ಹೇಳುತ್ತಿದ್ದ ನೆಹರೂ, ಮರುದಿನ ಯಮುನೆಯ ದಂಡೆಯ ಕಡೆಗೆ ಹರಿದ ಜನಸಾಗರ, ಚಿತೆಯ ಸುತ್ತ ಒತ್ತರಿಸಿದವರ ಮುಖಗಳು. ನಿರ್ಣಾಯಕವೆಂದು ಇತಿಹಾಸ ಕರೆಯುವ ಗಳಿಗೆ ತಪ್ಪಿಹೋದ ಮೇಲೂ ಛಾಯಾಗ್ರಾಹಕರಿಗೆ ಕೆಲಸ ಉಳಿದಿತ್ತು, ಆ ಕೆಲಸ ಅವರ ಜೀವಮಾನದ ಶ್ರೇಷ್ಠ ಕೆಲಸಗಳಲ್ಲಿ ಒಂದಾಯಿತು. ಶಾಂಘೈನ ಚಿತ್ರವೂ ಹಾಗೆಯೇ: 1948ರ ಕೊನೆಯಲ್ಲಿ ಕಾಗದದ ಹಣ ಬೆಲೆಯಿಲ್ಲದಂತಾಗಿ, ಚಿನ್ನ ಕೊಳ್ಳಲು ಬ್ಯಾಂಕಿನ ಮುಂದೆ ಒಬ್ಬರನ್ನೊಬ್ಬರು ಅಪ್ಪಿಹಿಡಿದು ನಿಂತ ಸಾಲು. ಅಲ್ಲಿ ವಿಶೇಷವಾದ ಒಂದು ಗಳಿಗೆಯಿಲ್ಲ. ಗಂಟೆಗಟ್ಟಲೆ ನಡೆದ ನೂಕಾಟವಿದೆ. ಈ ಚಿತ್ರಗಳಲ್ಲಿ ಒಂದನ್ನು ಕಿತ್ತು ಚೌಕಟ್ಟು ಹಾಕಿ ಮಾರುವ ಪೇಟೆ ಪುಸ್ತಕದ ಎರಡನೆಯ ಭಾಗವನ್ನು ಅರ್ಥಮಾಡಿಕೊಂಡೇ ಇಲ್ಲ.

ಅಭ್ಯಾಸಿ: ಅದೇ ಸಾಲಿನಲ್ಲಿ ನಿಂತವರ ಪರವಾಗಿ ಒಂದು ಪ್ರಶ್ನೆ ಉಳಿಯುತ್ತದೆ. ಅವರಾರೂ ಒಪ್ಪಿಗೆ ಕೊಟ್ಟವರಲ್ಲ. ಅವರ ಸಂಕಟದ ಮುಖ ಪುಸ್ತಕವಾಯಿತು, ಪುಸ್ತಕ ಹರಾಜಿನ ವಸ್ತುವಾಯಿತು. ಬೆಲೆ ಏರಿದಷ್ಟೂ ಆ ಮುಖಕ್ಕೂ ಆ ಹಣಕ್ಕೂ ನಡುವಿನ ಅಂತರ ಬೆಳೆಯುತ್ತ ಹೋಗುತ್ತದೆ. ತಮ್ಮ ಶಾಯಿಯ ವಾದ ಇದಕ್ಕೆ ಉತ್ತರ ಕೊಡುವುದಿಲ್ಲ.

ಸಂಗ್ರಾಹಕರು: ಕೊಡುವುದಿಲ್ಲ. ಛಾಯಾಗ್ರಾಹಕರು ಈ ಪ್ರಶ್ನೆಯನ್ನು ಎದುರಿಸಿದ ರೀತಿಗಳು ಬೇರೆ ಬೇರೆ. ವಾಕರ್ ಎವಾನ್ಸ್ 1938ರಿಂದ 1941ರವರೆಗೆ ನ್ಯೂಯಾರ್ಕಿನ ಸುರಂಗ ರೈಲುಗಳಲ್ಲಿ ಕ್ಯಾಮೆರಾವನ್ನು ಕೋಟಿನೊಳಗೆ ಅಡಗಿಸಿಕೊಂಡು ಎದುರು ಕೂತ ಪ್ರಯಾಣಿಕರನ್ನು ಚಿತ್ರಿಸಿದರು. ಆ ಚಿತ್ರಗಳ ಪುಸ್ತಕ ಹೊರಬಂದದ್ದು 1966ರಲ್ಲಿ, ಕಾಲು ಶತಮಾನ ಕಳೆದ ಮೇಲೆ. ಕಾಯುವುದರಿಂದ ಒಪ್ಪಿಗೆ ಹುಟ್ಟುವುದಿಲ್ಲ ನಿಜ. ಆದರೆ ಚಿತ್ರದಲ್ಲಿದ್ದವರು ಅದೇ ರೈಲಿನಲ್ಲಿ ಅದೇ ಕೆಲಸಕ್ಕೆ ಹೋಗುತ್ತಿರುವಾಗ ಅವರ ಮುಖವನ್ನು ಅಂಗಡಿಯಲ್ಲಿಡುವುದಕ್ಕೂ ಇದಕ್ಕೂ ವ್ಯತ್ಯಾಸವಿದೆ.

ಅಭ್ಯಾಸಿ: ನ್ಯಾಯಾಲಯಗಳಿಗೆ ಅಷ್ಟು ಸಂಕೋಚ ಇದ್ದಂತಿಲ್ಲ. ಫಿಲಿಪ್-ಲೋರ್ಕಾ ಡಿಕೋರ್ಸಿಯಾ ಟೈಮ್ಸ್ ಚೌಕದಲ್ಲಿ ಗುಪ್ತವಾಗಿ ದೀಪಗಳನ್ನು ಕಟ್ಟಿ ದೂರದಿಂದ ತೆಗೆದ ಮುಖಗಳು ‘ಹೆಡ್ಸ್’ ಎಂಬ ಹೆಸರಿನಲ್ಲಿ 2001ರಲ್ಲಿ ಪ್ರದರ್ಶನಗೊಂಡು ಪುಸ್ತಕವೂ ಆದವು. ಅದರಲ್ಲಿದ್ದ ಒಬ್ಬರು ತಮ್ಮ ಧಾರ್ಮಿಕ ನಂಬಿಕೆಗೆ ಇದು ವಿರುದ್ಧವೆಂದು ದಾವೆ ಹೂಡಿದಾಗ, 2006ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ಚಿತ್ರವನ್ನು ಕಲಾಕೃತಿಯೆಂದು ಪರಿಗಣಿಸಿ ದಾವೆಯನ್ನು ವಜಾ ಮಾಡಿತು. ಫ್ರಾನ್ಸಿನ ಕಾನೂನು ಇದಕ್ಕಿಂತ ಬಿಗಿ. ತನ್ನ ಚಿತ್ರದ ಮೇಲೆ ವ್ಯಕ್ತಿಗೆ ಇರುವ ಹಕ್ಕನ್ನು ಅಲ್ಲಿ ಹೆಚ್ಚಾಗಿ ಮನ್ನಿಸುತ್ತಾರೆ. ಭಾರತದಲ್ಲಿ ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ 2017ರಲ್ಲಿ ತೀರ್ಪು ನೀಡಿದೆ. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಆ ತೀರ್ಪು ಬೀದಿಯ ಛಾಯಾಚಿತ್ರದ ಪ್ರಶ್ನೆಯಿಂದ ಹುಟ್ಟಿದ್ದಲ್ಲ, ಆದರೆ ಬೀದಿಗೆ ಕಾಲಿಟ್ಟ ಮಾತ್ರಕ್ಕೆ ಮನುಷ್ಯ ತನ್ನ ಮುಖದ ಮೇಲಿನ ಹಕ್ಕನ್ನೆಲ್ಲ ಬಿಟ್ಟುಕೊಟ್ಟನೇ ಎಂದು ಕೇಳುವವರಿಗೆ ಅದು ನೆಲೆ ಒದಗಿಸಿದೆ.

ಸಂಗ್ರಾಹಕರು: ಕಾನೂನು ಎಲ್ಲಿಗೆ ಬಂದು ನಿಂತರೂ 1952ರ ಪುಸ್ತಕದೊಳಗಿನವರಿಗೆ ಅದರಿಂದ ಪ್ರಯೋಜನವಿಲ್ಲ. ಒಂದು ಮಾತನ್ನಷ್ಟೇ ಸೇರಿಸಬಹುದು. ಅಡಿಬರಹಗಳನ್ನು ಪುಸ್ತಿಕೆಗೆ ಸರಿಸಿದ್ದರಿಂದ ಪುಟದ ಮೇಲೆ ಊರಿನ ಹೆಸರೂ ಇಸವಿಯೂ ಇಲ್ಲ. ನೋಡುವವರು ಮೊದಲು ಮುಖವನ್ನು ಎದುರಿಸಬೇಕು. ಇದು ಚೀನಾ, ಇದು ಸ್ಪೇನ್ ಎಂಬ ತಿಳಿವಳಿಕೆಯ ಹಿಂದೆ ಅವಿತುಕೊಳ್ಳುವ ಅನುಕೂಲ ಆ ಹೊತ್ತಿಗೆ ಇಲ್ಲ. ಸಂಕಟದಲ್ಲಿದ್ದವರನ್ನು ಮಾದರಿಯ ವಸ್ತುಗಳನ್ನಾಗಿ ಮಾಡುವುದನ್ನು ಈ ಏರ್ಪಾಡು ಸ್ವಲ್ಪಮಟ್ಟಿಗೆ ತಡೆಯುತ್ತದೆ.

ಅಭ್ಯಾಸಿ: ಅಥವಾ ಅವರನ್ನು ಇನ್ನಷ್ಟು ಅನಾಮಿಕರನ್ನಾಗಿಸುತ್ತದೆ.

ಸಂಗ್ರಾಹಕರು: ಹಾಗೂ ಓದಬಹುದು; ಒಪ್ಪಲು ಮನಸ್ಸಿಲ್ಲದಿದ್ದರೂ ತಳ್ಳಿಹಾಕಲು ಆಧಾರವಿಲ್ಲ.

ಅಭ್ಯಾಸಿ: 2014ರ ಪುನರ್ಮುದ್ರಣ ಮೂಲದ ಗಾತ್ರವನ್ನೂ ಮಾತೀಸ್ ರಟ್ಟನ್ನೂ ಪುಟಗಳ ಕ್ರಮವನ್ನೂ ಹಾಗೆಯೇ ಉಳಿಸಿಕೊಂಡಿದೆ, ಕ್ಲೆಮಾಂ ಶೆರು ಎಂಬ ವಿದ್ವಾಂಸರು ಪುಸ್ತಕದ ಚರಿತ್ರೆಯನ್ನು ಬರೆದ ಪುಸ್ತಿಕೆಯೂ ಜೊತೆಗಿದೆ. ಅನುಕ್ರಮವೇ ಮುಖ್ಯವೆಂಬ ತಮ್ಮ ವಾದ ಸರಿಯಾದರೆ ವಿದ್ಯಾರ್ಥಿಗೆ ಇಷ್ಟು ಸಾಕು, ಹಳೆಯ ಪ್ರತಿ ಅನಗತ್ಯ.

ಸಂಗ್ರಾಹಕರು: ವಿದ್ಯಾರ್ಥಿಗೆ ಸಾಕು, ಸಂದೇಹವೇ ಇಲ್ಲ, ಈ ಮಾತನ್ನು ಸಂಗ್ರಾಹಕರು ಹೇಳಲು ಹಿಂಜರಿಯುವುದು ತಮ್ಮ ಕಪಾಟಿನ ಬೆಲೆಯನ್ನು ನೆನೆದು. ಹಳೆಯ ಪ್ರತಿಯಲ್ಲಿ ಹೆಚ್ಚಿಗೆ ಸಿಗುವುದು ತಾಮ್ರದ ಕುಳಿಗಳಿಂದ ಕಾಗದಕ್ಕೆ ಇಳಿದ ಕಪ್ಪು ಮಾತ್ರ. ಅದನ್ನು ಒಮ್ಮೆಯಾದರೂ ಹೊಸ ಮುದ್ರಣದ ಪಕ್ಕದಲ್ಲಿಟ್ಟು ನೋಡುವುದು ಕಣ್ಣಿಗೆ ಒಳ್ಳೆಯ ಶಿಕ್ಷಣ. ಆ ಕಾರಣಕ್ಕೆ, ಗಾಜಿನ ಪೆಟ್ಟಿಗೆಯಲ್ಲಿ ಮುಚ್ಚಿಟ್ಟ ಪ್ರತಿಗೂ ಸುಟ್ಟುಹೋದ ಪ್ರತಿಗೂ ಓದುಗರ ಪಾಲಿಗೆ ವ್ಯತ್ಯಾಸವಿಲ್ಲ.

ಅಭ್ಯಾಸಿ: ತಮ್ಮಲ್ಲಿರುವ ಪ್ರತಿಯನ್ನು ನೋಡಲು ಅನುಮತಿಯಿದ್ದರೆ ಕೈಗವಸು ತರಬೇಕಾದೀತು.

ಸಂಗ್ರಾಹಕರು: ಕೈಗವಸು ಬೇಡ; ಅದನ್ನು ತೊಟ್ಟ ಬೆರಳಿಗೆ ಹಾಳೆಯ ಅಂಚು ತಿಳಿಯದೆ ಕಾಗದ ಹರಿಯುವ ಸಂಭವವೇ ಹೆಚ್ಚೆಂದು ಈಗಿನ ಗ್ರಂಥಾಲಯಗಳು ಹೇಳುತ್ತವೆ. ಕೈ ತೊಳೆದು ಚೆನ್ನಾಗಿ ಒರೆಸಿಕೊಂಡರಾಯಿತು. ಪುಸ್ತಕ ಭಾರವಾದುದರಿಂದ ಮೇಜಿನ ಮೇಲೆ ಎರಡು ರಟ್ಟುಗಳ ಕೆಳಗೂ ಆಸರೆಯಿಟ್ಟು, ಬೆನ್ನಿನ ಮೇಲೆ ಒತ್ತಡ ಬೀಳದಂತೆ ತೆರೆಯಬೇಕು. ಹಗಲು ಬೆಳಕಿರುವಾಗ ಬನ್ನಿ. ಅಡಿಬರಹದ ಪುಸ್ತಿಕೆಯನ್ನು ಮೊದಲ ಸಲ ತೆಗೆದುಕೊಡುವುದಿಲ್ಲ; ಅದನ್ನು ಕೇಳುವುದಾದರೆ 126 ಚಿತ್ರಗಳೂ ಮುಗಿದ ಮೇಲೆ ಕೇಳಬೇಕು.